ಸಣ್ಣೀರಮ್ಮನ ಹೊಸ್ತಿಲು

ನಮ್ಮೂರಿನ ಜೈಲಿನ ಗೋಡೆಗೆ ನಡೆಯಲು ಬರುತ್ತದೆ. ಗೇಟಿಗೆ ಬರುವುದಿಲ್ಲ. ಗೇಟು ಕಬ್ಬಿಣದ್ದು, ನಿಲ್ಲಿಸಿದ ಜಾಗದಿಂದ ಅದು ಕದಲಿದ್ದನ್ನು ಕಂಡವರಿಲ್ಲ. ಗೋಡೆ ಮಣ್ಣು ಇಟ್ಟಿಗೆ ಗಾರೆಯದು, ಅದಕ್ಕೆ ಊರಿನ ಬಳಕೆ ಇದೆ. ಕೈದಿಯನ್ನು ಕೋರ್ಟಿಗೋ ಆಸ್ಪತ್ರೆಗೋ ಹೊರಡಿಸಿದರೆ ಗೋಡೆಯ ಒಂದು ತುಂಡು ತಾನಾಗಿ ಬಿಟ್ಟುಕೊಂಡು ಬಂದು, ಕೈದಿಯ ಸುತ್ತ ನಾಲ್ಕೂ ಕಡೆ ನಿಂತು, ಅವರು ನಡೆದ ಹಾಗೆ ತಾನೂ ನಡೆಯುತ್ತದೆ. ಸುಣ್ಣ ಉದುರಿಸುತ್ತಾ, ನೆತ್ತಿಯ ಮೇಲಿನ ಗಾಜಿನ ಚೂರುಗಳನ್ನು ಕಿಣಿಕಿಣಿ ಅನ್ನಿಸುತ್ತಾ ಅದು ಬಜಾರಿನಲ್ಲಿ ಬಂದರೆ ತರಕಾರಿಯವರು ಬುಟ್ಟಿಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎಮ್ಮೆ ಬಂದಾಗಲೂ ಹಾಗೇ ಮಾಡುತ್ತಾರೆ. ಚಿಕ್ಕವಳಿದ್ದಾಗ ನಾನು ಅಜ್ಜಿಯನ್ನು ಕೇಳಿದ್ದೆ, ಗೋಡೆ ಯಾಕೆ ಅವರ ಹಿಂದೆ ಹೋಗುತ್ತದೆ ಎಂದು. ಅಜ್ಜಿ ಅಕ್ಕಿ ಆರಿಸುತ್ತಾ, "ಅದಕ್ಕೂ ಒಂದು ಹೊಟ್ಟೆಪಾಡು ಬೇಡ್ವೇನೆ" ಅಂದಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಕಾನೂನು ಒಂದೇ ಮಾತಿನದು. ಗೋಡೆಯ ಒಳಗೆ ಇರುವವರು ಕೈದಿಗಳು, ಹೊರಗೆ ಇರುವವರು ಅಲ್ಲ. ಜೈಲಿನಲ್ಲಾದರೆ ಒಳಗೆ ಹೊರಗೆ ಓಡಾಡಲು ಗೇಟು ಇದೆ. ದಾರಿಯ ಮೇಲಿನ ಗೋಡೆಗೆ ಕಿಂಡಿಯೂ ಇಲ್ಲ.

ನಾನು ಊರಿನ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸಾಗಿ ಸೇರಿದಾಗ ನನ್ನ ಮೇಲಿನವರಾದ ಎಸ್ತರಮ್ಮ ಮೊದಲು ಕಲಿಸಿದ್ದು ಇಂಜೆಕ್ಷನ್ನನ್ನಲ್ಲ, ಏಣಿ ಹತ್ತುವುದನ್ನು. ಆಸ್ಪತ್ರೆಯ ಬಾಗಿಲ ಮೇಲೆ 'ಎಲ್ಲ ರೋಗಿಗಳೂ ಸಮಾನರು' ಎಂದು ಬರೆದಿದೆ, ಹಾಗಾಗಿ ಕೈದಿಗಳಿಗೆ ಬೇರೆ ವಾರ್ಡಿಲ್ಲ. ನಮ್ಮ ವಾರ್ಡು ಹಿಂದೆ ಹತ್ತಿಯ ಗೋದಾಮಾಗಿತ್ತು, ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲು. ಗೋಡೆ ಸಲೀಸಾಗಿ ಒಳಗೆ ಬಂದು ಮಂಚದ ಸುತ್ತ ನಿಲ್ಲುತ್ತದೆ. ನಾವು ಹೊಂದಿಕೊಂಡಿದ್ದೇವೆ. ಮಾತ್ರೆ, ಗಂಜಿ, ಬೆಡ್‌ಪ್ಯಾನ್ ಎಲ್ಲಾ ರಾಟೆಗೆ ಕಟ್ಟಿದ ಬಕೆಟ್ಟಿನಲ್ಲಿ ಇಳಿಯುತ್ತವೆ. ಥರ್ಮಾಮೀಟರಿಗೆ ಹೂ ಕಟ್ಟುವ ದಾರ. ಬಿಪಿ ನೋಡುವ ಯಂತ್ರದ ಕೊಳವೆಗೆ ಸೈಕಲ್ ಟ್ಯೂಬು ಜೋಡಿಸಿ ಉದ್ದ ಮಾಡಿದ್ದೇವೆ, ಪಟ್ಟಿಯನ್ನು ರೋಗಿಯೇ ತೋಳಿಗೆ ಸುತ್ತಿಕೊಳ್ಳಬೇಕು. ಬೇರೆ ರೋಗಿಗಳ ಕಡೆಯವರೂ ಗೋಡೆಯನ್ನು ಹಾಳು ಬಿಟ್ಟವರಲ್ಲ. ಅದರ ಹೊರಮೈ ಮೇಲೆ ಟವೆಲು ಒಣಹಾಕುತ್ತಾರೆ, ಎಲೆಯಡಿಕೆಯ ಮುದುಕಿಯರು ಉಗುರಿನಿಂದ ಸುಣ್ಣ ಕೆರೆದುಕೊಳ್ಳುತ್ತಾರೆ, ಬಸುರಿಯರು ಯಾರೂ ನೋಡದಾಗ ಮೂಲೆಯ ಮಣ್ಣು ನೆಕ್ಕುತ್ತಾರೆ.

ಒಳಗೆ ಇಳಿಯುವಂತಿಲ್ಲ, ಅದೊಂದೇ. ನಮ್ಮ ಸರ್ಜನ್ ನಿಖತ್ ಡಾಕ್ಟರು ಹೊಸದಾಗಿ ಬಂದಾಗ, ಇದೆಲ್ಲಾ ಏನು ಹುಚ್ಚಾಟ ಎಂದು ಸೀರೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ ಒಬ್ಬ ಕೈದಿಯ ಪಕ್ಕಕ್ಕೆ ಧುಮುಕಿದ್ದರಂತೆ. ಧುಮುಕಿದ ಗಳಿಗೆಯಿಂದ ಅವರೂ ಕೈದಿಯೇ. ಆ ಕೈದಿ ಗುಣವಾಗಿ ಜೈಲಿಗೆ ನಡೆದ, ಗೋಡೆ ನಡೆಯಿತು, ಮಧ್ಯದಲ್ಲಿ ಡಾಕ್ಟರೂ ನಡೆದರು. ಅವರ ಅಣ್ಣ ಬಂದು ಜಾಮೀನು ಕೊಡುವವರೆಗೂ ಜೈಲಿನ ಮುದ್ದೆ ಉಂಡರು. ಅವರಿಗೆ ಇಂದಿಗೂ ಮುದ್ದೆ ಎಂದರೆ ಆಗುವುದಿಲ್ಲ.

ಇಂಥ ಆಸ್ಪತ್ರೆಗೆ ಸಣ್ಣೀರಮ್ಮ ಬಂದಳು. ನಾನು ನೋಡಿದ್ದು ಮೊದಲು ಗೋಡೆಯನ್ನು, ಅದರ ಹಿಂದೆ ಏಣಿ ಹೊತ್ತ ದಫೇದಾರ ಪಾಲಯ್ಯನನ್ನು, ಆಮೇಲೆ ಏಣಿ ಹತ್ತಿ ಕೆಳಗೆ ಬಗ್ಗಿದಾಗ ಅವಳನ್ನು. ಸಣಕಲು ಮೈ, ನರೆತ ಕೂದಲನ್ನು ಗಂಟು ಹಾಕಿದ್ದಳು, ಹೊಟ್ಟೆ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಬಾಗಿಲು ಕದ್ದ ಆರೋಪ. ಪುರಸಭೆಯವರು ತಮ್ಮ ಆಫೀಸಿಗೆ ರೋಲಿಂಗ್ ಶಟರ್ ಹಾಕಿಸಿಕೊಂಡು ಹಳೇ ಬಾಗಿಲನ್ನು ಹಿತ್ತಲಿಗೆ ಎಸೆದಿದ್ದರು. ಅದು ಅಲ್ಲಿ ಬಿದ್ದಷ್ಟು ಕಾಲ ಯಾರಿಗೂ ಅದರ ನೆನಪಿರಲಿಲ್ಲ. ಇಲ್ಲವಾದ ದಿನ ಎಲ್ಲರಿಗೂ ನೆನಪಾಯಿತು, ತೇಗದ್ದು, ಹಳೇ ಕಾಲದ್ದು, ಈಗ ಅಂಥ ಕೆಲಸ ಯಾರು ಮಾಡುತ್ತಾರೆ ಎಂದು. ಸಣ್ಣೀರಮ್ಮ ಹಾಡಹಗಲಲ್ಲೇ ಅದನ್ನು ತಲೆಯ ಮೇಲೆ ಹೊತ್ತು ಬಜಾರಿನ ನಡುವೆ ನಡೆದಿದ್ದಳು. ಪುರಸಭೆಯ ಕೆಲಸವೇ ಇರಬೇಕು ಎಂದು ಜನ ದಾರಿ ಬಿಟ್ಟಿದ್ದರು. ಅವರೇ ಆಮೇಲೆ ಸಾಕ್ಷಿಗಳಾದರು. ಆದರೆ ಬಾಗಿಲು ಸಿಗಲಿಲ್ಲ. ಎಲ್ಲಿಟ್ಟೆ ಎಂದು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಬಾಗಿಲು ಸಿಗುವವರೆಗೆ ವಿಚಾರಣೆ ನಡೆಯುವಂತಿಲ್ಲ, ವಿಚಾರಣೆ ನಡೆಯುವವರೆಗೆ ಅವಳನ್ನು ಬಿಡುವಂತಿಲ್ಲ.

ಪಾಲಯ್ಯ ಕೆಟ್ಟವನೇನಲ್ಲ. ಠಾಣೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಕೂತು ಪ್ಯಾಂಟಿನ ಹಿಂಭಾಗ ಹೊಳಪು ಬಂದಿದ್ದ ಮನುಷ್ಯ. ಕೈದಿ ಕಣ್ಣಿಂದ ಮರೆಯಾಗಬಾರದು ಎಂದು ಅವನಿಗೆ ಹುಕುಂ ಇತ್ತು. ಹಾಗಾಗಿ ಏಣಿಯ ತುದಿಗೆ ಒಂದು ಮಣೆ ಕಟ್ಟಿಕೊಂಡು, ಅಲ್ಲಿ ಕೂತು ದಿನವಿಡೀ ಕೆಳಗೆ ನೋಡುತ್ತಿದ್ದ. ಅವಳು ಮಲಗಿದರೂ ನೋಡಬೇಕು, ಉಂಡರೂ ನೋಡಬೇಕು. ಬಕೆಟ್ಟಿನಲ್ಲಿ ಬೆಡ್‌ಪ್ಯಾನ್ ಇಳಿದಾಗ ಮಾತ್ರ ಅವನಿಗೆ ಇರಿಸುಮುರಿಸಾಗುತ್ತಿತ್ತು. ಹುಕುಮಿನಲ್ಲಿ ಒಂದು ಕಣ್ಣೋ ಎರಡೋ ಎಂದು ಹೇಳಿರಲಿಲ್ಲವಾದ್ದರಿಂದ, ಆ ಹೊತ್ತಿನಲ್ಲಿ ಅವನು ಒಂದು ಕಣ್ಣು ಮುಚ್ಚುತ್ತಿದ್ದ. "ನನ್ ಕೈಲಾಗಿದ್ದು ಇಷ್ಟೇ ಕಣ್ರವ್ವಾ" ಎಂದು ನನಗೆ ಹೇಳಿದ, ಅರ್ಧ ಮರ್ಯಾದೆಯನ್ನಾದರೂ ಉಳಿಸಿದವನ ಧಾಟಿಯಲ್ಲಿ.

ಸಣ್ಣೀರಮ್ಮನಿಗೆ ಆ ಅರ್ಧ ಸಾಲುತ್ತಿರಲಿಲ್ಲ. ಬೆಡ್‌ಪ್ಯಾನ್ ಇಳಿದ ಹಾಗೇ ಮೇಲೆ ಬರುತ್ತಿತ್ತು. ಅದರ ಕಾಟವೇ ಬೇಡ ಎಂದು ಅವಳು ನೀರು ಕುಡಿಯುವುದನ್ನು ಬಿಟ್ಟಳು, ಆಮೇಲೆ ಗಂಜಿಯನ್ನೂ. ನಿಖತ್ ಡಾಕ್ಟರು ಗೋಡೆಯ ಆಚೆಯಿಂದ ಕೂಗಿ ಕೇಳಬೇಕಾಗಿತ್ತು, ಮೋಷನ್ ಆಯಿತಾ, ಗಾಳಿ ಹೋಯಿತಾ, ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂದು. ವಾರ್ಡಿನ ಹೆಂಗಸರು, ಅವರನ್ನು ನೋಡಲು ಬಂದ ಅಣ್ಣತಮ್ಮಂದಿರು, ಬಾಳೆಹಣ್ಣು ಮಾರುವವನು ಎಲ್ಲಾ ಕಿವಿ ನೆಟ್ಟಗೆ ಮಾಡಿಕೊಂಡು ಉತ್ತರಕ್ಕೆ ಕಾಯುತ್ತಿದ್ದರು. ಇಷ್ಟು ಜನರ ಮುಂದೆ ಯಾವ ಹೆಂಗಸು ಬಾಯಿ ಬಿಟ್ಟಾಳು? ಅವಳು ಪ್ರತಿ ಸಲವೂ ಒಂದೇ ಮಾತು ಹೇಳಿದಳು, ಏನಿಲ್ಲ ಕಣವ್ವ, ಗ್ಯಾಸು. ಬಾಳೆಹಣ್ಣಿನವನು ತಲೆಯಾಡಿಸಿ, ತನ್ನ ಹೆಂಡತಿಗೂ ಹಾಗೇ, ಓಮಿನ ಕಾಳು ಕೊಡಿ ಅಂದ. ಡಾಕ್ಟರು ಅವನನ್ನು ಹೊರಗೆ ಅಟ್ಟಿಸಿದರು.

ಶುಕ್ರವಾರ ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಸಣ್ಣೀರಮ್ಮ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುದುಡಿದ್ದಳು. ದಾರ ಎಳೆದು ಥರ್ಮಾಮೀಟರು ನೋಡಿದೆ, ಮೈ ಕೆಂಡ. ಡಾಕ್ಟರನ್ನು ಕೂಗಿದೆ. ಅವರು ಗೋಡೆಗೆ ಬಾಯಿ ಹಚ್ಚಿ, ಹೊಕ್ಕಳಿಂದ ಬಲಗಡೆ ಕೆಳಗೆ ನಿಮ್ಮ ಕೈಯಿಂದ ನೀವೇ ನಿಧಾನಕ್ಕೆ ಒತ್ತಿ, ಈಗ ಥಟ್ಟನೆ ಬಿಡಿ ಎಂದು ಹೇಳಿಕೊಟ್ಟರು. ಇಡೀ ವಾರ್ಡಿನ ಹೆಂಗಸರು ತಂತಮ್ಮ ಹೊಟ್ಟೆಯನ್ನೂ ಒತ್ತಿ ಬಿಟ್ಟು ನೋಡಿಕೊಂಡರು, ಇಬ್ಬರು ತಮಗೂ ನೋವಿದೆ ಅಂದರು. ಆದರೆ ಗೋಡೆಯ ಒಳಗಿನಿಂದ ಬಂದ ದನಿ ಕೇಳಿ ಎಲ್ಲರೂ ಕೈ ತೆಗೆದರು. ಒತ್ತಿದಾಗ ನರಳಿದ್ದವಳು ಬಿಟ್ಟಾಗ ಚೀರಿದ್ದಳು. ನಿಖತ್ ಡಾಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಅಪೆಂಡಿಕ್ಸು. ಇವತ್ತು ತೆಗೀಲಿಲ್ಲ ಅಂದ್ರೆ ಒಳಗೇ ಒಡೆಯುತ್ತೆ. ಒಡೆದ್ರೆ ಈಕೆ ಉಳಿಯಲ್ಲ ಚಂಪಾ."

ಆಪರೇಷನ್ ಥಿಯೇಟರಿಗೆ ಕರೆದೊಯ್ಯಲು ನೋಡಿದೆವು. ಮಂಚಕ್ಕೆ ಗಾಲಿ ಇದೆ, ಗೋಡೆಯ ಎರಡು ಕಡೆಯಿಂದ ಹಗ್ಗ ಇಳಿಬಿಟ್ಟು, ಸಣ್ಣೀರಮ್ಮನಿಂದಲೇ ಕಂಬಿಗೆ ಗಂಟು ಹಾಕಿಸಿ ಎಳೆದೆವು. ಮಂಚ ಹೊರಟಿತು, ಗೋಡೆಯೂ ಹೊರಟಿತು, ಪಾಲಯ್ಯ ಏಣಿಯ ಸಮೇತ ಹೊರಟ. ಆದರೆ ಥಿಯೇಟರಿನ ಬಾಗಿಲು ಮನುಷ್ಯರಿಗಾಗಿ ಮಾಡಿದ್ದು. ಗೋಡೆ ಭುಜ ಓರೆ ಮಾಡಿತು, ಬಗ್ಗಿತು, ಉಸಿರು ಹಿಡಿದುಕೊಂಡಿತು, ಅಷ್ಟರಲ್ಲಿ ಅದರ ಸುಣ್ಣದ ಹಕ್ಕಳೆ ಕಳಚಿ ಕುದಿಸಿಟ್ಟ ಕತ್ತರಿ ಚಾಕುಗಳ ಮೇಲೆ ಬಿತ್ತು. ಅದಕ್ಕೇ ನಾಚಿಕೆಯಾಗಿ ಹಿಂದೆ ಸರಿಯಿತು. ಸರಿ, ಗೋಡೆಯೊಳಗೇ ಆಪರೇಷನ್ ಮಾಡಿದರೆ? ಡಾಕ್ಟರು, ಮೂರ್ಛೆಯ ಔಷಧಿ ಕೊಡುವವರು, ನರ್ಸುಗಳು, ದೊಡ್ಡ ದೀಪ, ಎಲ್ಲರೂ ಎಲ್ಲವೂ ಒಳಗೆ ಇಳಿಯಬೇಕು, ಇಳಿದವರೆಲ್ಲಾ ಕೈದಿಗಳಾಗಬೇಕು. ಊರಿಗೆ ಇರುವುದು ಒಬ್ಬರೇ ಸರ್ಜನ್, ಅವತ್ತು ಹೆರಿಗೆಗೆ ಇಬ್ಬರು ಕಾಯುತ್ತಿದ್ದರು. ಆದರೂ ನಿಖತ್ ಡಾಕ್ಟರು ಸೀರೆ ಸಿಕ್ಕಿಸುವುದಕ್ಕೆ ಶುರು ಮಾಡಿದ್ದರು. ಎಸ್ತರಮ್ಮ ಅವರ ಸೆರಗು ಹಿಡಿದು ನಿಲ್ಲಿಸಿ, ಜೈಲರ್ ಸಾಹೇಬರನ್ನು ಕರೆಸಿದರು.

ಸಾಹೇಬರು ಬಂದರು, ಗೋಡೆಯ ಬೆನ್ನು ತಟ್ಟಿದರು, ಕುದುರೆಯವರು ಕುದುರೆಯ ಬೆನ್ನು ತಟ್ಟುವ ಹಾಗೆ. ಡಾಕ್ಟರು ಹೇಳಿದ್ದನ್ನೆಲ್ಲಾ ಸಮಾಧಾನದಿಂದ ಕೇಳಿಸಿಕೊಂಡರು. ಹೊಟ್ಟೆನೋವು ಹೊರಗಿನವರಿಗೂ ಬರುತ್ತದೆ, ಒಳಗಿನವರಿಗೂ ಬರುತ್ತದೆ, ಅದಕ್ಕೆಲ್ಲಾ ಗೋಡೆ ತೆಗೆಯುತ್ತಾ ಹೋದರೆ ಗೋಡೆ ಯಾಕೆ ಬೇಕು ಅಂದರು. ತೆಗೆಯಲೇಬೇಕಾದರೆ ಮೇಲಿನವರ ಅಪ್ಪಣೆ ಬೇಕು, ಮೇಲಿನವರು ಬೇರೆ ಊರಿನಲ್ಲಿದ್ದಾರೆ, ಇವತ್ತು ಅರ್ಜಿ ಬಸ್ಸಿಗೆ ಹಾಕಿದರೆ ಉತ್ತರ ಸೋಮವಾರದ ಬಸ್ಸಿಗೆ ಬರುತ್ತದೆ. "ಅಪೆಂಡಿಕ್ಸಿಗೆ ಬಸ್ಸಿನ ಟೈಮು ಗೊತ್ತಿಲ್ಲ ಸಾರ್" ಎಂದರು ನಿಖತ್ ಡಾಕ್ಟರು. ಸಾಹೇಬರು, ಹಾಗಾದರೆ ನೀವೇ ಅದಕ್ಕೆ ಸ್ವಲ್ಪ ತಿಳಿಸಿ ಹೇಳಿ ಎಂದು ಊಟಕ್ಕೆ ಹೋದರು.

ನಾವು ಮಂಚವನ್ನು ಹಗ್ಗ ಎಳೆದು ವಾರ್ಡಿನ ಅದೇ ಜಾಗಕ್ಕೆ ತಂದೆವು. ಒಣಹಾಕಿದ್ದ ಟವೆಲುಗಳನ್ನೂ ಹೆಂಗಸರು ತೆಗೆದಿಟ್ಟರು. ನಾನು ಏಣಿಯ ಅರ್ಧಕ್ಕೆ ಹತ್ತಿ ನಿಂತಾಗ ಸಣ್ಣೀರಮ್ಮ ಕಣ್ಣು ಬಿಟ್ಟು, ಇವತ್ತು ಯಾವ ವಾರ ಎಂದು ಕೇಳಿದಳು. ಶುಕ್ರವಾರ ಎಂದೆ. "ಬಕೀಟ್ನಾಗೆ ಒಂದ್ ಚೂರು ಅರಿಶಿಣ ಕುಂಕುಮ ಇಳಿಬಿಡ್ತೀಯೇನವ್ವ? ಹೊಸ್ತ್ಲು ಪೂಜೆ ಮಾಡಿ ಹೋಗ್ತೀನಿ." ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೇಳಲಿಲ್ಲ. ಇಲ್ಲಿ ಹೊಸ್ತಿಲು ಎಲ್ಲಿದೆ ಎಂದು ಕೇಳಿದೆ. ಅವಳು ನಕ್ಕಳು, ನಗು ಹೊಟ್ಟೆಗೆ ತಾಗಿ ಹಲ್ಲು ಕಚ್ಚಿದಳು. ಎಲ್ಲಿತ್ತು ಹೇಳು, ಅಂದಳು. ಹುಟ್ಟಿದಾಗಿಂದ ಸಂತೆ ಮಾಳದ ಗೋಣಿತಾಟಿನ ಗುಡಿಸಿಲು ಅವಳದು, ತಾಟು ಎತ್ತಿದರೆ ಮನೆ, ಬಿಟ್ಟರೆ ಬೀದಿ. ಅಲ್ಲಿ ನಾಯಿ ನುಗ್ಗಬಹುದು, ಕುಡಿದವನು ನುಗ್ಗಬಹುದು, ಯಾರೂ ಕೇಳಿ ಬರಬೇಕಿಲ್ಲ. "ಹೆಂಗಸ್ರು ಬೆಳಿಗ್ಗೆ ಎದ್ದು ಹೊಸ್ತ್ಲು ತೊಳ್ದು ಅರಿಶಿಣ ಬಳೀತಾರಲ್ಲ, ದಾರಿಯಾಗೆ ನಿಂತು ನೋಡ್ತಿದ್ದೆ. ಬಾಕ್ಲು ಇದ್ರೆ ತಾನೆ ಹೊಸ್ತ್ಲು? ಮೊದ್ಲು ಬಾಕ್ಲು ತಂದೆ. ಮನೆ ಆಮೇಲೆ ಆಗ್ಲಿ ಅಂದ್ಕಂಡೆ." ಮೇಲೆ ಮಣೆಯ ಮೇಲಿದ್ದ ಪಾಲಯ್ಯ, ಕೈದಿ ತಪ್ಪೊಪ್ಪಿಕೊಂಡಿದ್ದು ಕೇಳಿಸಿತೋ ಇಲ್ಲವೋ, ಸೂರಿನ ಕಡೆ ನೋಡುತ್ತಾ ಗಂಟಲು ಸರಿಮಾಡಿಕೊಂಡ.

ನಾನು ಕೆಳಗೆ ಇಳಿದೆ. ನನಗೆ ಅಜ್ಜಿ ನೆನಪಾಗುತ್ತಿದ್ದಳು. ಅಜ್ಜಿಯ ಕಥೆಗಳಲ್ಲಿ ಯಾವುದಕ್ಕೂ ತಾನು ಏನೆಂಬುದು ಮೊದಲೇ ಗೊತ್ತಿರುತ್ತಿರಲಿಲ್ಲ. ತೊರೆಯ ಪಕ್ಕ ಎರಡು ಕಲ್ಲು ಬಿದ್ದಿರುತ್ತಿದ್ದವು, ಒಂದರ ಮೇಲೆ ಯಾರೋ ಬಟ್ಟೆ ಒಗೆದರು, ಅದು ಒಗೆಯುವ ಕಲ್ಲಾಯಿತು, ಇನ್ನೊಂದಕ್ಕೆ ಯಾರೋ ಕುಂಕುಮ ಇಟ್ಟರು, ಅದಕ್ಕೆ ಗಾಬರಿಯಾಗಿ ದೇವರಾಗಿ ಕೂತಿತು. ನಿನ್ನ ತಲೆ ತುಂಬಾ ಇಂಥವೇ ಎಂದು ಎಸ್ತರಮ್ಮ ದಿನಾ ಬೈಯುತ್ತಿದ್ದರು. ಅವತ್ತು ಬೈಯಲಿಲ್ಲ. ಅಡುಗೆಮನೆಯಿಂದ ಅರಿಶಿಣ ತಂದೆ, ಒಬ್ಬ ರೋಗಿಯ ತಾಯಿ ತನ್ನ ಚೀಲದಿಂದ ಕುಂಕುಮದ ಭರಣಿ ಕೊಟ್ಟಳು. ಬಕೆಟ್ಟು ಇಳಿಯಿತು. ಒಳಗೆ ಸಣ್ಣೀರಮ್ಮ ಮಂಚದಿಂದ ಜಾರಿ ನೆಲಕ್ಕೆ ಕೂತದ್ದು ಕೇಳಿಸಿತು, ಆಮೇಲೆ ಇಟ್ಟಿಗೆಯ ಮೇಲೆ ಒದ್ದೆ ಕೈ ಆಡುವ ಸದ್ದು. ಅವಳು ಬುಡದ ಇಟ್ಟಿಗೆಯ ಸಾಲಿಗೆ ಅರಿಶಿಣ ಬಳಿಯುತ್ತಿದ್ದಳು, ನಡುನಡುವೆ ನಿಂತು ನರಳುತ್ತಿದ್ದಳು, ಮತ್ತೆ ಬಳಿಯುತ್ತಿದ್ದಳು. ಹೊಸ್ತಿಲಿಗೆ ಎರಡು ಮುಖ. ಒಳಗಡೆ ಒಬ್ಬಳು ಪೂಜೆ ಮಾಡುತ್ತಿರುವಾಗ ಹೊರಗಡೆ ಬರಿದಾಗಿ ಬಿಡುವುದು ನನಗೆ ಸರಿ ಕಾಣಲಿಲ್ಲ. ನಾನೂ ಅದೇ ಜಾಗಕ್ಕೆ ನೀರು ಹಾಕಿ ಒರೆಸಿ, ಅರಿಶಿಣ ಹಚ್ಚಿ, ಸಾಲಾಗಿ ಕುಂಕುಮದ ಬೊಟ್ಟು ಇಟ್ಟೆ. ರಂಗೋಲಿ ಪುಡಿ ಇರಲಿಲ್ಲ. ನಿಖತ್ ಡಾಕ್ಟರು ಹೋಗಿ, ಮುರಿದ ಕೈಕಾಲಿಗೆ ಹಾಕುವ ಪ್ಲಾಸ್ಟರಿನ ಪುಡಿಯನ್ನು ಒಂದು ಬಟ್ಟಲು ತಂದು ನನ್ನ ಮುಂದೆ ಇಟ್ಟರು. ಎಂಟು ಎಸಳಿನ ಹೂವು ಬಿಟ್ಟೆ, ಎರಡು ಕಡೆ ಎಳೆ ಎಳೆದೆ.

ಗೋಡೆ ಮೊದಲು ಮೈ ಜುಮ್ಮೆಂದವರ ಹಾಗೆ ಒಂದು ಸಲ ನಡುಗಿತು. ಅದು ಹುಟ್ಟಿದಾಗಿನಿಂದ ಯಾರೂ ಅದರ ಬುಡಕ್ಕೆ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರಲಿಲ್ಲ. ಮೇಲಿನ ಗಾಜಿನ ಚೂರುಗಳು ಬಳೆಗಳ ಹಾಗೆ ಸದ್ದು ಮಾಡಿದವು. ರಂಗೋಲಿಯ ನೇರಕ್ಕಿದ್ದ ಇಟ್ಟಿಗೆಗಳು ಒಂದನ್ನೊಂದು ನೋಡಿಕೊಂಡು, ನೆಂಟರು ಬಂದಾಗ ಮನೆಯವರು ಜಾಗ ಬಿಟ್ಟುಕೊಡುವ ಹಾಗೆ, ಕೆಲವು ಎಡಕ್ಕೆ ಕೆಲವು ಬಲಕ್ಕೆ ಒತ್ತರಿಸಿಕೊಂಡವು. ಆಳೆತ್ತರ, ಮಂಚ ಹಿಡಿಯುವಷ್ಟು ಅಗಲ. ಅರಿಶಿಣ ಬಳಿದ ಕೆಳಗಿನ ಸಾಲು ಮಾತ್ರ ಕದಲದೆ ಹಾಗೇ ಉಳಿಯಿತು. ಅದರಾಚೆ ಸಣ್ಣೀರಮ್ಮ ಹಳದಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅವಳನ್ನು ಇಡಿಯಾಗಿ ನಾವು ನೋಡಿದ್ದು ಆಗಲೇ. ಇಷ್ಟು ಪುಟ್ಟ ಹೆಂಗಸು ಆ ಬಾಗಿಲನ್ನು ಹೇಗೆ ಹೊತ್ತಳು ಎಂದು ಯಾರೋ ಪಿಸುಗುಟ್ಟಿದರು.

ಎಲ್ಲರೂ ಪಾಲಯ್ಯನನ್ನು ನೋಡಿದೆವು. ಅವನು ಏಣಿಯಿಂದ ನಿಧಾನಕ್ಕೆ ಇಳಿದ. ಇಳಿದವನು ರಂಗೋಲಿಯನ್ನು ನೋಡಿದ, ಹೊಸ್ತಿಲನ್ನು ನೋಡಿದ, ತನಗೇ ಗೊತ್ತಿಲ್ಲದ ಹಾಗೆ ಬೂಟು ಬಿಚ್ಚಿದ. ಬಿಚ್ಚಿದ ಮೇಲೆ ಕೈಯಲ್ಲಿ ಬೂಟು ಹಿಡಿದುಕೊಂಡು ಯೋಚನೆಗೆ ಬಿದ್ದ. ಅವನ ಕೆಲಸ ಹೋಗುವ ಮಾತು ಅದು, ನಮಗೂ ಗೊತ್ತಿತ್ತು. ಕೊನೆಗೆ ಅವನು ಡಾಕ್ಟರಿಗೆ ಹೇಳಿದ. "ಜೈಲಿಂದ ಹೊರಕ್ಕೆ ಹೋದ್ರೆ ಪರಾರಿ ಅಂತಾರೆ ಮೇಡಂ. ಇದು ನೋಡಿದ್ರೆ ಯಾರ್ದೋ ಮನೆ ಇದ್ದಂಗೈತೆ. ಮನೆಯಿಂದ ಆಚೆ ಹೋಗೋರ್ನ ತಡಿ ಅಂತ ನಂಗೆ ಹುಕುಂ ಕೊಟ್ಟಿಲ್ಲ." ಎಸ್ತರಮ್ಮನವರೂ ನಾನೂ ಒಳಗೆ ಹೋಗಿ ಸಣ್ಣೀರಮ್ಮನನ್ನು ಎತ್ತಿ ಮಂಚಕ್ಕೆ ಮಲಗಿಸಿದೆವು, ಅವನು ಮಂಚದ ಕಾಲುಕಡೆಗೆ ಕೈ ಹಚ್ಚಿದ. ಹೊಸ್ತಿಲು ತಾಗದ ಹಾಗೆ ಮಂಚವನ್ನು ಎತ್ತಿ ದಾಟಿಸಿದ್ದು ಅವನೇ.

ಗೋಡೆ ಹಿಂದೆ ಬರಲಿಲ್ಲ. ಬರುತ್ತದೆಂದು ನಾವು ಹೆದರಿ ಹೆದರಿ ತಿರುಗಿ ನೋಡುತ್ತಾ ಮಂಚ ತಳ್ಳಿದೆವು, ಅದು ವಾರ್ಡಿನ ಮಧ್ಯದಲ್ಲೇ ನಿಂತಿತ್ತು. ಮನೆಗಳು ಹಾಗೇ ಅಲ್ಲವೇ, ಯಜಮಾನಿ ಹೋದ ಕಡೆಯೆಲ್ಲಾ ಹೋಗುವುದಿಲ್ಲ, ಕಾದುಕೊಂಡು ಕೂರುತ್ತವೆ. ಥಿಯೇಟರಿನ ಬಾಗಿಲು ಹಾಕಿದ ಮೇಲೆ ನನಗೆ ನೆನಪಿರುವುದು ನಿಖತ್ ಡಾಕ್ಟರ ಕೈ ಮಾತ್ರ. ಸಣ್ಣೀರಮ್ಮನನ್ನು ಮೊದಲ ಸಲ ಮುಟ್ಟಿದ ಆ ಕೈ ಒಂದು ಗಳಿಗೆ ಸುಮ್ಮನೆ ಅವಳ ಹೊಟ್ಟೆಯ ಮೇಲೆ ಇತ್ತು, ಅಷ್ಟು ದಿನ ಕೂಗಿ ಕೇಳಿದ್ದಕ್ಕೆಲ್ಲಾ ಈಗ ಮೆಲ್ಲಗೆ ಉತ್ತರ ತಿಳಿದುಕೊಳ್ಳುತ್ತಿರುವ ಹಾಗೆ. ತೆಗೆದದ್ದು ಊದಿ ಕಪ್ಪಾಗಿತ್ತು, ಒಡೆದಿರಲಿಲ್ಲ. ಇನ್ನೊಂದು ಊಟದ ಹೊತ್ತು ಕಳೆದಿದ್ದರೆ ಒಡೆಯುತ್ತಿತ್ತು ಎಂದರು ಡಾಕ್ಟರು. ವಾರ್ಡಿನ ಹೆಂಗಸರು ಆಮೇಲೆ ಹೇಳಿದರು, ನಾವು ಥಿಯೇಟರಿನಲ್ಲಿ ಇದ್ದಷ್ಟು ಹೊತ್ತೂ ಗೋಡೆ ಸುಣ್ಣ ಕೆರೆಯಲು ಬಿಡಲಿಲ್ಲವಂತೆ.

ಅತ್ತ ಅವಳು ಇನ್ನೂ ಥಿಯೇಟರಿನಲ್ಲಿರುವಾಗಲೇ ಜೈಲರ್ ಸಾಹೇಬರು ಊಟ ಮುಗಿಸಿ ಬಂದಿದ್ದರು. ಗೋಡೆ ಇದೆ, ಗೋಡೆಯಲ್ಲಿ ಕಿಂಡಿ ಇದೆ, ಕೈದಿ ಇಲ್ಲ. ಕೂಗಾಡಿದರು. ಗೋಡೆಗೆ, ನಡಿ ಜೈಲಿಗೆ, ಎಂದರು. ಅದು ಅವರು ಹೇಳಿದ್ದೇ ಕೇಳಿಸದ ಹಾಗೆ ನಿಂತಿತ್ತು. ಒಳಗೆ ಹೋಗಿ ತಪಾಸಣೆ ಮಾಡುತ್ತೇನೆಂದು ಬೂಟುಗಾಲನ್ನು ಹೊಸ್ತಿಲ ಮೇಲೆ ಇಟ್ಟರು ನೋಡಿ, ವಾರ್ಡಿನ ಹೆಂಗಸರೆಲ್ಲಾ ಒಟ್ಟಿಗೆ, ಅಯ್ಯಯ್ಯೋ ಹೊಸ್ತಿಲು ತುಳಿದರಲ್ಲಾ, ಅಂದರು. ಸಾಹೇಬರೂ ಒಬ್ಬ ತಾಯಿ ಸಾಕಿದ ಮಗನೇ. ಸಣ್ಣವರಿದ್ದಾಗ ಇದಕ್ಕೇ ಬೆನ್ನಿಗೆ ಬಿದ್ದ ಗುದ್ದು ನೆನಪಾಗಿರಬೇಕು, ಕಾಲನ್ನು ಸುಟ್ಟುಕೊಂಡವರ ಹಾಗೆ ಹಿಂದಕ್ಕೆ ತೆಗೆದರು. ಆಮೇಲೆ ಅವರ ದನಿ ಅಷ್ಟು ಏರಲಿಲ್ಲ. ಅಷ್ಟರಲ್ಲಿ ನಾವು ಸಣ್ಣೀರಮ್ಮನನ್ನು ತಂದೆವು. ಮಂಚ ಹೊಸ್ತಿಲು ದಾಟಿ ಒಳಗೆ ಹೋಯಿತು. ಸಾಹೇಬರು ಕಾನೂನನ್ನು ಮನಸ್ಸಿನಲ್ಲೇ ಓದಿಕೊಂಡರು. ಕೈದಿ ಗೋಡೆಯ ಒಳಗೆ ಇದ್ದಾಳೆ, ಸರಿ. ಆದರೆ ಬಾಯ್ತೆರೆದ ಗೋಡೆ ಗೋಡೆಯಲ್ಲ. ಸಂಜೆಯೊಳಗೆ ಅದಕ್ಕೊಂದು ಬಾಗಿಲು ಕೂರಿಸಿ ಮುಚ್ಚದಿದ್ದರೆ ಪಾಲಯ್ಯನ ಬೆಲ್ಟು ಬಿಚ್ಚಿಸುವುದಾಗಿ ಹೇಳಿ ಹೋದರು.

ಸಂಜೆಯೊಳಗೆ ಬಾಗಿಲು ಎಲ್ಲಿಂದ ತರುವುದು? ಬಡಗಿ ಮದುವೆಗೆ ಹೋಗಿದ್ದ. ಪಾಲಯ್ಯ ಊರೆಲ್ಲಾ ಅಲೆದು, ಸುಸ್ತಾಗಿ, ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ತಾನು ದಿನಾ ಕೂರುವ ಬೆಂಚಿನ ಮೇಲೆ ಕೂತನಂತೆ. ಕೂತವನಿಗೆ ಬೆಂಚಿನ ಹಲಗೆಯ ಮೇಲೆಯೇ ಕಣ್ಣು ಬಿತ್ತು. ಎರಡು ಕಲ್ಲಿನ ಮೇಲೆ ಅಡ್ಡ ಹಾಕಿದ ಒಳ್ಳೆ ಅಗಲದ ಹಲಗೆ. ಕೇಳಿದರೆ ಟೀ ಅಂಗಡಿಯವನು, ಯಾವಳೋ ಒಬ್ಬಳು ಒಂದು ದಿನ ಇಲ್ಲಿ ಒರಗಿಸಿ, ಆಮೇಲೆ ಬರ್ತೀನಿ ಅಂತ ಹೋದಳು, ಬರಲೇ ಇಲ್ಲ, ನೀವೆಲ್ಲಾ ನಿಂತು ಟೀ ಕುಡೀತಿದ್ದಿರಲ್ಲಾ ಅಂತ ನಾನೇ ಮಲಗಿಸಿದೆ ಎಂದ. ಪಾಲಯ್ಯ ಅದನ್ನು ಬೆನ್ನ ಮೇಲೆ ಹೊತ್ತು ತಂದು, ನಮ್ಮ ವಾರ್ಡಿನ ದೀಪದ ಕೆಳಗೆ ಮಗುಚಿ ಹಾಕಿದ. ನೆಲದ ಕಡೆಗಿದ್ದ ಮುಖ ಮೇಲೆ ಬಂತು. ಕೆತ್ತನೆಯ ಪಟ್ಟಿ, ಹಿತ್ತಾಳೆಯ ಗುಬುಟುಗಳು, ನಡುವೆ ಮಾಸಿದ ಬಿಳಿ ಬಣ್ಣದಲ್ಲಿ ಪುರಸಭೆಯವರು ಹಿಂದೆ ಬರೆಸಿದ್ದ ಒಂದು ಸಾಲು: ಅನುಮತಿ ಇಲ್ಲದೆ ಒಳಗೆ ಬರಬಾರದು.

ಪಾಲಯ್ಯ ಅದನ್ನು ಓದಿದ. ಮತ್ತೆ ಓದಿದ. ಇಡೀ ಠಾಣೆ ಹುಡುಕಿದ ಬಾಗಿಲಿನ ಮೇಲೆ ಇಡೀ ಠಾಣೆ ಕೂತು ಟೀ ಕುಡಿದಿತ್ತು, ಅದೂ ಇದೇ ಬಾಗಿಲಿನ ಬಗ್ಗೆ ಮಾತಾಡುತ್ತಾ. ಇದನ್ನು ಸಿಕ್ಕಿತೆಂದು ಒಪ್ಪಿಸಿದರೆ ಸಣ್ಣೀರಮ್ಮನಿಗೆ ಶಿಕ್ಷೆ. ಅವನು ಗೋಡೆಯ ಒಳಗೆ ನೋಡಿದ. ಔಷಧಿಯ ಮತ್ತು ಇಳಿದು ಎಚ್ಚರವಾಗಿದ್ದ ಸಣ್ಣೀರಮ್ಮ ದಿಂಬಿಗೆ ಕೆನ್ನೆ ಒತ್ತಿ ಬಾಗಿಲನ್ನೇ ನೋಡುತ್ತಿದ್ದಳು. ಒಂದು ಹೆಂಗಸು ತನ್ನ ಬಾಗಿಲನ್ನು ಹಾಗೆ ನೋಡಿದ್ದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಪಾಲಯ್ಯ ನನ್ನ ಕಡೆ ತಿರುಗಿ, "ಸಿಸ್ಟರಮ್ಮ, ಬೆಂಚಿನ ಹಲಗೆ ಇದು. ಒಂದ್ ಕಡೆ ಹಿಡ್ಕಳಿ" ಎಂದ.

ಬಾಗಿಲು ಗೋಡೆಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಬರಹ ಹೊರಕ್ಕೆ, ಚಿಲಕ ಒಳಕ್ಕೆ. ಮನೆಬಾಗಿಲುಗಳ ಚಿಲಕ ಯಾವಾಗಲೂ ಒಳಗಡೆಯೇ ಇರುತ್ತದೆ. ಮರುದಿನ ಬಂದ ಜೈಲರ್ ಸಾಹೇಬರು ಬಾಗಿಲು ಮುಚ್ಚಿರುವುದನ್ನು ಕಂಡು ಮೆಚ್ಚಿದರು, ಬರಹವನ್ನು ಓದಿ ಇನ್ನೂ ಮೆಚ್ಚಿದರು, ಸರಕಾರಿ ಬಿಗಿ ಎಂದರೆ ಹೀಗಿರಬೇಕು ಅಂದರು. ಚಿಲಕ ಎಲ್ಲಿ ಎಂದು ಹುಡುಕಿ, ಅದು ಹೊರಗಡೆ ಇರಬೇಕಲ್ಲವೇ ಎಂದು ಕೇಳಿದರು. ಅದಕ್ಕೆ ಮೇಲಿನವರ ಅಪ್ಪಣೆ ಬೇಕಾಗುತ್ತದೆ ಸಾರ್ ಎಂದರು ನಿಖತ್ ಡಾಕ್ಟರು. ಸಾಹೇಬರಿಗೆ ಆ ಮಾತು ಒಪ್ಪಿಗೆಯಾಯಿತು, ಬಸ್ಸಿಗೆ ಹಾಕಿಸುತ್ತೇನೆ ಎಂದು ಹೋದರು. ಅಪ್ಪಣೆ ಇನ್ನೂ ಬಂದಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಅದಕ್ಕಿಂತ ಮೊದಲಿನ ಸಂಗತಿ, ಬಾಗಿಲು ಕೂರಿಸಿದ ಸಂಜೆಯದು. ಎರಡು ಗುಟುಕು ಗಂಜಿತಿಳಿ ಕೊಡಬಹುದೆಂದು ಡಾಕ್ಟರು ಹೇಳಿದ್ದರು, ಅದು ಬಂದಿತ್ತು. ನಾನು ಅಭ್ಯಾಸಬಲದಿಂದ ರಾಟೆಯ ಹಗ್ಗಕ್ಕೆ ಕೈ ಹಾಕಿದೆ. ಪಾಲಯ್ಯ, ಕೊಡಿ ಇಲ್ಲಿ ಎಂದು ಬಟ್ಟಲನ್ನು ಇಸಿದುಕೊಂಡು ಬಾಗಿಲ ಮುಂದೆ ನಿಂತ. ಬೂಟು ಬಿಟ್ಟಿದ್ದ, ಟೋಪಿ ಕಂಕುಳಲ್ಲಿತ್ತು. ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿ ಎರಡು ಬೆರಳಿನಿಂದ ಬಾಗಿಲು ತಟ್ಟಿದ.

"ಯಾರು?" ಒಳಗಿನಿಂದ ಸಣ್ಣೀರಮ್ಮನ ದನಿ ಬಂತು, ಸಣ್ಣಗೆ, ಮೊದಲ ಸಲ ಆ ಮಾತು ಆಡುವವಳ ಎಚ್ಚರಿಕೆಯಲ್ಲಿ.

"ನಾನು ಕಣಮ್ಮ, ಪಾಲಯ್ಯ. ಗಂಜಿ ತಂದೀನಿ. ಒಳಕ್ಕೆ ಬರ್ಲಾ?"

ಬೇರೆ ಮಂಚಗಳ ಹೆಂಗಸರು ಮಾತು ನಿಲ್ಲಿಸಿದ್ದರು. ಆಮೇಲೆ ಬೆಡ್‌ಪ್ಯಾನ್ ನೆಲಕ್ಕೆ ತಾಗಿದ ಸದ್ದು, ಅದರ ಹಿಂದೆಯೇ ಅವಳ ಮಾತು. "ಈಗ ಬ್ಯಾಡಪ್ಪ. ಆಮೇಲ್ ಬಾ."

ಪಾಲಯ್ಯ ಆಗಲಿ ಎಂದ. ಏಣಿಯ ತುದಿಯ ಮಣೆ ಬಿಚ್ಚಿ ತಂದು ಬಾಗಿಲ ಪಕ್ಕದಲ್ಲಿ ಹಾಕಿ, ವಾರ್ಡಿನ ಕಡೆ ಮುಖ ಮಾಡಿ ಕೂತ. ಗಂಜಿ ಆರದಿರಲೆಂದು ಬಟ್ಟಲಿನ ಮೇಲೆ ಟೋಪಿ ಮುಚ್ಚಿದ. ಎರಡು ಕಣ್ಣನ್ನೂ ಬಿಟ್ಟುಕೊಂಡೇ ಇದ್ದ.